ತೊಳೆಯುವುದು, ಸ್ಯಾನಿಟೈಸ್ ಮಾಡುವುದು, ಸೋಂಕು ನಿವಾರಿಸುವುದು: ಎಲ್ಲಿಗೆ ಯಾವುದು?

ಅಡುಗೆಮನೆಯ ಕಟ್ಟೆ, ಊಟದ ಮೇಜು, ಬಾಗಿಲ ಚಿಲಕಗಳಿಗೆ ದಿನನಿತ್ಯ ಸೋಪುನೀರಿನ ತೊಳೆತವೇ ಬಹುತೇಕ ಸಾಕು. ಸೋಪು ರೋಗಾಣುಗಳನ್ನೆಲ್ಲ ಕೊಲ್ಲದಿದ್ದರೂ, ಜಿಡ್ಡು ಮತ್ತು ಕೊಳೆಯೊಡನೆ ಅವುಗಳಲ್ಲಿ ಹೆಚ್ಚಿನವನ್ನು ಮೇಲ್ಮೈಯಿಂದ ಎಬ್ಬಿಸಿ ತೆಗೆಯುತ್ತದೆ.

ಸ್ಯಾನಿಟೈಸ್ ಮಾಡುವುದೆಂದರೆ ತೊಳೆದ ಮೇಲೂ ಉಳಿದ ಬ್ಯಾಕ್ಟೀರಿಯಾಗಳನ್ನು ಸುರಕ್ಷಿತ ಮಟ್ಟಕ್ಕೆ ಇಳಿಸುವುದು. ಹಸಿ ಮಾಂಸ ಹೆಚ್ಚಿದ ಮಣೆಗೆ, ಮಗುವಿನ ಹಾಲಿನ ಬಾಟಲಿಗೆ ಇದು ತಕ್ಕದ್ದು. ಶಾಖ ತಾಳುವ ಬಾಟಲಿಯನ್ನು ತೊಳೆದು 5 ನಿಮಿಷ ಕುದಿಸಿದರೆ ರಾಸಾಯನಿಕದ ಅಗತ್ಯವೇ ಇಲ್ಲ.

ಸೋಂಕು ನಿವಾರಣೆಯು ವೈರಸ್‌ಗಳನ್ನೂ ಕೊಲ್ಲುವ ಪ್ರಬಲ ಕ್ರಮವಾದ್ದರಿಂದ, ಮನೆಯಲ್ಲಿ ಯಾರಿಗಾದರೂ ವಾಂತಿಭೇದಿಯಾದಾಗ ಶೌಚಾಲಯಕ್ಕೂ ಅವರು ಮುಟ್ಟಿದ ಜಾಗಗಳಿಗೂ ಇದನ್ನೇ ಆರಿಸಿಕೊಳ್ಳಬೇಕು. ಶೇ 5ರ ಸೋಡಿಯಂ ಹೈಪೋಕ್ಲೋರೈಟ್ ಬ್ಲೀಚಾದರೆ ಒಂದು ಲೀಟರ್ ನೀರಿಗೆ 20 ಮಿ.ಲೀ. ಸಾಕು. ಆದರೆ ಕೊಳೆಯ ಮೇಲೆಯೇ ಸುರಿದರೆ ಅದರ ಶಕ್ತಿ ಕುಗ್ಗುತ್ತದೆ, ಹೀಗಾಗಿ ಮೊದಲು ತೊಳೆಯಲೇಬೇಕು. ಹಚ್ಚಿದ ಕೂಡಲೇ ಒರೆಸುವುದು, ನಾನು ಕಂಡಂತೆ, ಎಲ್ಲರೂ ಮಾಡುವ ತಪ್ಪು. ಲೇಬಲ್‌ನಲ್ಲಿ ಸೂಚಿಸಿದಷ್ಟು ಹೊತ್ತು ಮೇಲ್ಮೈ ಒದ್ದೆಯಾಗಿಯೇ ಇರಬೇಕು. ಬ್ಲೀಚಿಗೆ ಟಾಯ್ಲೆಟ್ ಆ್ಯಸಿಡ್ ಬೆರೆಸಿದರೆ ವಿಷಕಾರಿ ಕ್ಲೋರಿನ್ ಅನಿಲ ಹೊಮ್ಮುತ್ತದೆ. ದಯವಿಟ್ಟು ಎಂದಿಗೂ ಬೆರೆಸಬೇಡಿ.