ಗೋವಾ ಟ್ರಾನ್ಸಾ, ಫುಲ್-ಆನ್ನಾ: ಮೊದಲು ಯಾವುದು ಕೇಳಬೇಕು?

ಎರಡೂ ಸೈಕೆಡೆಲಿಕ್ ಟ್ರಾನ್ಸ್ (ಸೈಟ್ರಾನ್ಸ್) ಎಂಬ ಎಲೆಕ್ಟ್ರಾನಿಕ್ ಕುಣಿತದ ಸಂಗೀತದ ಬಗೆಗಳು. ಕಲಬುರಗಿಯಿಂದ ಬೀದರ್‌ಗೆ ರಾತ್ರಿ ಬಸ್ಸಿನಲ್ಲಿ ಹೆಡ್‌ಫೋನ್ ಹಾಕಿ ಕೂರುವವರಿಗೆ ಗೋವಾ ಟ್ರಾನ್ಸೇ ಸರಿ. 1990ರ ದಶಕದ ಮೊದಲಲ್ಲಿ ಗೋವಾದ ಅಂಜುನಾ ಬೀಚಿನ ಪಾರ್ಟಿಗಳಲ್ಲಿ ಬೆಳೆದ ಸಂಗೀತ ಇದು. ಬಿಸಿಲಿಗೆ ವಿನೈಲ್ ತಟ್ಟೆ ಸೊಟ್ಟಗಾಗುತ್ತೆ ಅಂತ ಡಿಜೆಗಳು ಡ್ಯಾಟ್ ಟೇಪ್ (ಡಿಜಿಟಲ್ ಆಡಿಯೊ ಕ್ಯಾಸೆಟ್) ಬಳಸುತ್ತಿದ್ದರು. ನಮ್ಮ ಊರಿನ ಬಿಸಿಲು ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ಟಿಬಿ-303 ಎಂಬ ಎಲೆಕ್ಟ್ರಾನಿಕ್ ವಾದ್ಯದ (ಸಿಂಥ್) ದನಿ ಹಿಂಡಿದಂತೆ ತಿರುಚಿಕೊಳ್ಳುತ್ತೆ. ಅದರ ಮೇಲೆ ಒಂದೊಂದೇ ಎಳೆ ಏರುತ್ತಾ ಹೋಗುತ್ತೆ. ಫ್ರಿಜಿಯನ್ ಸ್ಕೇಲ್ ಜಾಸ್ತಿ. ಅದರ ಸ್ವರಗಳು ಹಿಂದೂಸ್ತಾನಿ ಭೈರವಿಯವೇ. ಹಾಗಾಗಿ ನಮ್ಮ ಕಿವಿಗೆ ಬೇಗ ಹತ್ತುತ್ತೆ.

ಕುಣಿಯಬೇಕಾದರೆ ಫುಲ್-ಆನ್. 90ರ ದಶಕದ ಕೊನೆಗೆ ಇಸ್ರೇಲ್‌ನಲ್ಲಿ ಬೆಳೆದದ್ದು. ನಿಮಿಷಕ್ಕೆ ಸುಮಾರು 145 ಬೀಟ್, ಕಿಕ್ ಡ್ರಮ್ಮಿನ ಹೊಡೆತಗಳ ನಡುವೆ ಬೇಸ್ ಉರುಳುತ್ತಲೇ ಇರುತ್ತೆ.

ಸೈಟ್ರಾನ್ಸ್‌ನ ಇನ್ನೊಂದು ಬಗೆ ಡಾರ್ಕ್ ಸೈ, ಅದು ನಿಮಿಷಕ್ಕೆ 150 ಬೀಟ್ ದಾಟುತ್ತೆ. ಹೊಸಬರಿಗೆ ಈಗಲೇ ಬೇಡ.