ಕಾಂತದ ಚಿಕಿತ್ಸೆಗೆ ದುಡ್ಡು ಕಟ್ಟುವ ಮುಂಚೆ ಇದನ್ನೊಮ್ಮೆ ಓದಿ

ಅಮ್ಮನಿಗೆ ಸ್ಟ್ರೋಕ್ ಆಗಿ ಐದು ತಿಂಗಳಿಗೆ ಎಡಗೈಯಲ್ಲಿ ಉರಿ ಶುರುವಾಯಿತು. ಹೊದಿಕೆಯ ಅಂಚು ತಾಗಿದರೂ "ಕೆಂಡ ಇಟ್ಟ ಹಾಗಾಗುತ್ತೆ, ತೆಗಿ" ಅನ್ನುತ್ತಿದ್ದರು. ತಣ್ಣೀರು ಸೋಕಿದರೆ ಚೀರುತ್ತಿದ್ದರು. ಕೈಗೆ ಏನೂ ಆಗಿರಲಿಲ್ಲ. ಸ್ಪರ್ಶ, ಬಿಸಿ, ತಂಪು ತಿಳಿಸುವ ಮೆದುಳಿನ ದಾರಿಗೆ ಪೆಟ್ಟು ಬಿದ್ದರೆ ಹೀಗಾಗುತ್ತದೆ. ಮಾಮೂಲಿ ನೋವಿನ ಮಾತ್ರೆ ಇದಕ್ಕೆ ಅಷ್ಟಾಗಿ ನಾಟುವುದಿಲ್ಲ.

ಆಗ ಒಂದು ಕ್ಲಿನಿಕ್‌ನವರು ಟಿಎಂಎಸ್ ಮಾಡಿಸಿ ಅಂದರು. ತಲೆಯ ಮೇಲೆ ಕಾಯಿಲ್ (ತಂತಿಯ ಸುರುಳಿ) ಹಿಡಿದು, ಕಾಂತದ ಮಿಡಿತದಿಂದ ಮೆದುಳನ್ನು ಎಚ್ಚರಿಸುವ ಚಿಕಿತ್ಸೆ. "ಹತ್ತು ಸಲ ಕೂರಿಸಿ, ನೋವು ಪೂರ್ತಿ ಹೋಗುತ್ತೆ." ನಾನು ನಂಬಿದೆ. ರಾತ್ರಿಯೆಲ್ಲ ನರಳುವುದನ್ನು ಕೇಳಿದವರು ನಂಬಿಬಿಡುತ್ತಾರೆ, ಅಲ್ವಾ?

ತಲೆಯೊಳಗೆ ಆಪರೇಷನ್‌ನಲ್ಲಿ ಹಾಕಿದ ಲೋಹದ ಕ್ಲಿಪ್ ಇದೆಯಾ, ಪೇಸ್‌ಮೇಕರ್ ಇದೆಯಾ, ಹಿಂದೆ ಫಿಟ್ಸ್ ಬಂದಿತ್ತಾ ಅಂತ ಒಬ್ಬರೂ ಕೇಳಲಿಲ್ಲ. ಈ ಚಿಕಿತ್ಸೆಯಲ್ಲಿ ಫಿಟ್ಸ್ ಬರುವುದು ಅಪರೂಪ, ಆದರೆ ಬರಬಹುದು. ಕಿವಿಗೆ ಇಯರ್‌ಪ್ಲಗ್ ಸಹ ಕೊಡಲಿಲ್ಲ. ಕಾಯಿಲ್ ಟಕ್ ಟಕ್ ಅಂತ ಬಡಿಯುವಾಗ ಅಮ್ಮ ಬಲಗೈಯಿಂದ ಕುರ್ಚಿಯ ಹಿಡಿಯನ್ನು ಬಿಗಿಯಾಗಿ ಹಿಡಿದು ಕಣ್ಣು ಮುಚ್ಚಿ ಕೂತಿರುತ್ತಿದ್ದರು. ಸಾಲದ್ದಕ್ಕೆ, ನರದ ನೋವಿಗೆ ಕೊಡುತ್ತಿದ್ದ ಪ್ರೆಗಾಬಲಿನ್ ಅನ್ನು "ಇನ್ನು ಬೇಡ" ಅಂತ ಒಂದೇ ದಿನದಲ್ಲಿ ನಿಲ್ಲಿಸಿಬಿಟ್ಟರು. ಮೂರು ರಾತ್ರಿ ಅಮ್ಮ ನಿದ್ದೆ ಮಾಡಲಿಲ್ಲ. ಅದನ್ನು ಹಾಗೆ ತಟ್ಟನೆ ಬಿಡಬಾರದಂತೆ, ಮೆಲ್ಲಗೆ ಇಳಿಸಬೇಕಂತೆ. ತಟ್ಟನೆ ಬಿಟ್ಟರೆ ಫಿಟ್ಸ್ ಬರುವ ಅಪಾಯವೂ ಇದೆ.

ಹತ್ತು ಸಲ ಮುಗಿದರೂ ಉರಿ ಹಾಗೇ ಇತ್ತು. ಕೊನೆಗೆ ನರರೋಗ ತಜ್ಞರ ಹತ್ತಿರ ಹೋದೆವು. ಅವರು ಮೊದಲು ಕೇಳಿದ್ದು, "ಹೆಬ್ಬೆರಳು ಅಲುಗಿಸಿ ನೋಡಿದ್ದರಾ?" ಇಲ್ಲ, ಒಂದು ಸಲವೂ ಇಲ್ಲ. ಕಾಯಿಲ್ ಇಟ್ಟಾಗ ಹೆಬ್ಬೆರಳು ಸಣ್ಣಗೆ ಅದುರುವ ಜಾಗ ಹುಡುಕಿ, ಅದರ ಆಧಾರದಲ್ಲಿ ಕಾಂತದ ಮಿಡಿತಕ್ಕೆ ಎಷ್ಟು ಶಕ್ತಿ ಬೇಕು ಅಂತ ಲೆಕ್ಕ ಹಾಕುವುದು ರೂಢಿ. ಎಡಗೈ ನೋವಿಗೆ ಸಾಮಾನ್ಯವಾಗಿ ಬಲಭಾಗದ ಮೆದುಳಿನಲ್ಲಿ, ಕೈ ಆಡಿಸುವ ಜಾಗಕ್ಕೆ ಕೊಡಬೇಕು. ಅಮ್ಮನಿಗೆ ದಿನವೂ ಇಟ್ಟದ್ದು ಹಣೆಯ ಎಡಭಾಗದ ಹತ್ತಿರ. ಅದು ಖಿನ್ನತೆಗೆ ಸಾಮಾನ್ಯವಾಗಿ ಕೊಡುವ ಜಾಗ!

ಚಿಕಿತ್ಸೆಯೇ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಸರಿಯಾಗಿ ಮಾಡಿದರೆ ಕೆಲವರಿಗೆ ನೋವು ಇಳಿಯುತ್ತದೆ, ಕೆಲವರಿಗೆ ಇಲ್ಲ. ಇಳಿದರೂ ಹೆಚ್ಚಾಗಿ ಕೆಲವು ದಿನ, ಕೆಲವು ವಾರ. ಆಮೇಲೆ ಮತ್ತೆ ಮತ್ತೆ ಕೊಡಿಸಬೇಕಾಗುತ್ತದೆ. ಪೂರ್ತಿ ವಾಸಿ ಅಂತ ಮಾತು ಕೊಡುವವರ ಹತ್ತಿರ ದಯವಿಟ್ಟು ಹೋಗಬೇಡಿ. ಎಲ್ಲಿ ಇಡುತ್ತೀರಿ, ಯಾಕೆ ಅಲ್ಲೇ, ಶಕ್ತಿ ಹೇಗೆ ಗೊತ್ತು ಮಾಡಿದಿರಿ ಅಂತ ಕೇಳಿ. ಸಿಡುಕಿದರೆ ಎದ್ದು ಬನ್ನಿ.

ಅಮ್ಮನ ಮಾತ್ರೆ ಮತ್ತೆ ಶುರುವಾಗಿದೆ. ಸರಿಯಾದ ಕಡೆ ಇನ್ನೊಮ್ಮೆ ನೋಡೋಣವಾ ಅಂತ ಕೇಳಿದರೆ ಬೇಡ ಅನ್ನುತ್ತಾರೆ. ಒತ್ತಾಯ ಮಾಡಲು ನನಗೆ ಬಾಯಿ ಬರುತ್ತಿಲ್ಲ.