ಸೀಸನ್‌ವಾಚ್ ಶಾಲೆಗೆ ಒಗ್ಗುತ್ತದೆಯೇ?

ಚಾರ್ಟ್ ಅಂಟಿಸಿ ಹವಾಮಾನ ಬದಲಾವಣೆ ಕಲಿಸಿ ಸಾಕಾದ ಮೇಷ್ಟ್ರುಗಳಿಗೆ ಸೀಸನ್‌ವಾಚ್ ಒಳ್ಳೆಯ ದಾರಿ. ಮರಗಳು ಯಾವ ಕಾಲಕ್ಕೆ ಚಿಗುರಿ, ಹೂ, ಕಾಯಿ ಬಿಡುತ್ತವೆ ಎಂದು ಜನರೇ ನೋಡಿ ದಾಖಲಿಸುವ, ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ ನಡೆಸುವ ಈ ಯೋಜನೆ ಉಚಿತ. ಊರಿನ ಒಂದು ಮರ ನೋಂದಾಯಿಸಿ, ವಾರಕ್ಕೊಮ್ಮೆ ಎಲೆ, ಹೂ, ಕಾಯಿ ನೋಡಿ ‘ಇಲ್ಲ’, ‘ಕಡಿಮೆ’, ‘ಹೆಚ್ಚು’ ಎಂದು ದಾಖಲಿಸಬೇಕು. ಎಣಿಸುವ ತಾಪತ್ರಯವಿಲ್ಲ.

ಮಕ್ಕಳು ಎಡವುವುದು ಎಲೆಯಲ್ಲಿ. ಹೊಂಗೆ ಎಲೆಯಲ್ಲಿ ಹುಳು ಕೊರೆದ ಬಿಳಿ ಕಲೆ ಕಂಡರೆ ಸಾಕು, ‘ಒಣಗಿದ್ದು’ ಎಂದು ಬರೆದುಬಿಡುತ್ತಾರೆ. ಮೊದಲ ವಾರವೇ ಎಣ್ಣೆ ಹಚ್ಚಿದಂತೆ ಹೊಳೆಯುವ ಚಿಗುರು, ಬಲಿತ ಎಲೆ, ಹಳದಿಯಾಗಿ ಉದುರಿದ್ದು ಮೂರನ್ನೂ ಅಂಗೈಮೇಲಿಟ್ಟು ತೋರಿಸಿ. ಹೂವಿಲ್ಲದ ವಾರ ಖಾಲಿ ಬಿಡುವುದೂ ತಪ್ಪೇ. ‘ಇಲ್ಲ’ ಕೂಡ ಮಾಹಿತಿ. ಖಾಲಿ ಎಂದರೆ ಯಾರೂ ನೋಡಲಿಲ್ಲ ಎಂದಷ್ಟೇ.

ದೊಡ್ಡ ತೊಡಕು ಬೇಸಿಗೆ ರಜೆ. ಮಾವು ಹಣ್ಣಾಗಿ, ಕಕ್ಕೆ ಹೂ ತೂಗುವ ಹೊತ್ತಿಗೆ ಶಾಲೆಯ ಗೇಟಿಗೆ ಬೀಗ! ಹಾಗಾಗಿ ಮಕ್ಕಳು ಓಡಾಡುವ ಬೀದಿಯ ಮರವನ್ನೇ ಆರಿಸಿ. ಯುಗಾದಿಗೆ ಮುಂಚೆ ಹೂ ಬಿಡುತ್ತಿತ್ತೋ ಆಮೇಲೋ ಎಂದು ಬೀದಿಯ ಹಿರಿಯರನ್ನು ಕೇಳಿಸಿ, ಆದರೆ ಆ ನೆನಪುಗಳಿಗೆ ಬೇರೆ ನೋಟ್‌ಬುಕ್ ಇರಲಿ.

ಒಂದು ವರ್ಷದ ದಾಖಲೆ ಹಿಡಿದು ಹವಾಮಾನ ಬದಲಾಯಿತೆಂದು ತೀರ್ಪು ಕೊಡಲಾಗದು. ಹಾಗಾಗಿ ಏಳನೇ ಕ್ಲಾಸಿನವರು ಶಾಲೆ ಬಿಟ್ಟು ಹೋಗುವಾಗ ಅದೇ ಮರವನ್ನು ಐದನೆಯವರಿಗೆ ಒಪ್ಪಿಸಬೇಕು.